ಅಜ್ಜನ ಕಾಲದ ಕಿರಿದಾದ ಸೆರಿಫ್ ಅಕ್ಷರ: ಕಾಫಿಪುಡಿ ಲೇಬಲ್ಲಿಗೆ ಯಾವುದು ಒಳ್ಳೆಯದು?

ಬಾಳೆಹೊನ್ನೂರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹೆಚ್ಚಾಗಿ ಮಾಡುವುದು ಲಗ್ನಪತ್ರಿಕೆ, ಬಿಲ್ ಪುಸ್ತಕ, ಅಂಗಡಿ ಬೋರ್ಡುಗಳ ವಿನ್ಯಾಸ. ಈಗ ನಮ್ಮ ಕಡೆಯ ಕಾಫಿ ಬೆಳೆಗಾರರೊಬ್ಬರು ತಮ್ಮ ತೋಟದ ಪುಡಿಯನ್ನು 250 ಗ್ರಾಂ ಪೊಟ್ಟಣದಲ್ಲಿ ಮಾರಲು ಹೊರಟಿದ್ದಾರೆ. ಕಂದು ಕ್ರಾಫ್ಟ್ ಕಾಗದದ ಪೊಟ್ಟಣ, ಅದೇ ಕಾಗದದ ಲೇಬಲ್. ಲೇಬಲ್ಲಿನ ಅಗಲ 7 ಸೆಂ.ಮೀ., ಎತ್ತರ 12 ಸೆಂ.ಮೀ. ತೋಟದ ಹೆಸರು ಇಂಗ್ಲಿಷಿನಲ್ಲಿ 16 ಅಕ್ಷರ, ಅದು ಒಂದೇ ಸಾಲಿನಲ್ಲಿ ಕೂರಬೇಕಂತೆ. ಜೊತೆಗೆ ಕನ್ನಡವೂ ಇರಬೇಕು.

ಮೊದಲು ಸೆರಿಫ್ (ಅಕ್ಷರದ ಗೆರೆಗಳ ತುದಿಯಲ್ಲಿರುವ ಚಿಕ್ಕ ಚಾಚು) ಇಲ್ಲದ ಫಾಂಟಿನಲ್ಲಿ ಮಾಡಿಕೊಟ್ಟೆ. "ಇದು ಬೇಡ, ನಮ್ಮ ಅಜ್ಜನ ಕಾಲದ್ದು ಅನ್ನಿಸಬೇಕು" ಎಂದರು. ಎತ್ತರವಾಗಿ, ಕಿರಿದಾಗಿ ನಿಲ್ಲುವ ಹಳೆಯ ಶೈಲಿಯ ಸೆರಿಫ್ ಅಕ್ಷರಗಳನ್ನು ತೋರಿಸಿದಾಗ ಮುಖ ಅರಳಿತು. ನನ್ನ ಅನುಮಾನಗಳು ಇಷ್ಟು. ನನ್ನ ಬಳಿ ಇರುವ ಒಳ್ಳೆಯ ಸೆರಿಫ್ ಫಾಂಟನ್ನೇ ಅಗಲದಲ್ಲಿ ಶೇ. 70ಕ್ಕೆ ಇಳಿಸಿದರೆ ಸಾಲದೇ, ಬೇರೆ ಫಾಂಟೇ ಏಕೆ ಬೇಕು? ಹಿಂಬದಿಯ ಸಣ್ಣ ಅಕ್ಷರಗಳಿಗೂ ಅದನ್ನೇ ಬಳಸಬಹುದೇ? ಕನ್ನಡವನ್ನು ಏನು ಮಾಡುವುದು?

ಸ್ಕ್ರೀನ್‌ಮನೆ ಉತ್ತರ:

ವಿಂಡ್ಸರ್ ಫಾಂಟ್ ಹಾಕಿ ಮುಗಿಸಿಬಿಡಿ. ಎಲ್ಲರೂ ಅದನ್ನೇ ಹಾಕುತ್ತಿದ್ದಾರೆ, ಗ್ರಾಹಕರೂ ಖುಷಿಯಾಗುತ್ತಾರೆ. ಕ್ರಾಫ್ಟ್ ಕಾಗದದ ಮೇಲೆ ಮಸಿ ಹೀರುತ್ತದೆ, ತೀರಾ ಸಣ್ಣ ಗೆರೆಗಳಿರುವ ಫಾಂಟ್ ಮಾತ್ರ ಬೇಡ.

ಅಚ್ಚುಮೊಳೆ ಉತ್ತರ:

ಬಾಳೆಹೊನ್ನೂರು ಅವರೇ, ಫಾಂಟ್ ಹುಡುಕುವ ಮೊದಲು ಅಜ್ಜನ ಕಾಲ ಎಂದರೆ ಯಾವ ಕಾಲ ಎಂದು ಆ ಬೆಳೆಗಾರರನ್ನು ಕೇಳಿ. "ಹಳೆಯದು" ಎಂಬ ಹೆಸರಿನಲ್ಲಿ ಇವತ್ತು ಮಾರುತ್ತಿರುವ ಕಿರಿದಾದ ಸೆರಿಫ್‌ಗಳಲ್ಲಿ ನೂರು ವರ್ಷಗಳ ಅಂತರ ಇರುವವು ಒಂದೇ ಬುಟ್ಟಿಯಲ್ಲಿ ಬಿದ್ದಿವೆ. ನಮ್ಮ ತಂದೆಯವರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ಬೆಳೆದವನು ನಾನು. ಈ ವಿಷಯ ಬಂದರೆ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕಿರಿದಾದ ಅಕ್ಷರ ಹುಟ್ಟಿದ್ದು ಜಾಗ ಉಳಿಸಲು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್, ಅಮೆರಿಕಗಳ ಗೋಡೆ ಪೋಸ್ಟರುಗಳನ್ನು ನೋಡಿ. ದೊಡ್ಡ ಅಕ್ಷರಗಳನ್ನು ಸೀಸದಲ್ಲಿ ಎರಕ ಹೊಯ್ದರೆ ಎತ್ತಲಾರದಷ್ಟು ಭಾರ, ದುಡ್ಡೂ ಹೆಚ್ಚು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಚ್ಚುಮೊಳೆಗಳನ್ನು ಯಂತ್ರದಿಂದ ಕೊರೆಯುವ ದಾರಿ ಕಂಡುಕೊಂಡ. ಆಮೇಲೆ ಪೋಸ್ಟರಿನ ಅಕ್ಷರಗಳು ಗೇಣುದ್ದಕ್ಕೂ ಮೀರಿ ಬೆಳೆದವು. ಆದರೆ ಕಾಗದದ ಅಗಲ ಬೆಳೆಯಲಿಲ್ಲ. ಚಿಕ್ಕ ಪದ ಬಂದರೆ ಅಗಲವಾದ ಮೊಳೆ, ಉದ್ದ ಪದ ಬಂದರೆ ಕಿರಿದಾದ ಮೊಳೆ ಹಾಕಿ ಪ್ರತಿ ಸಾಲನ್ನೂ ಅಂಚಿನಿಂದ ಅಂಚಿಗೆ ತುಂಬಿಸುತ್ತಿದ್ದರು. ಅಂದರೆ ಕಿರಿದು ಮಾಡಿದ್ದು ಎತ್ತರಕ್ಕಾಗಿ. ಅಗಲ ಇಷ್ಟೇ ಎಂದಾದಾಗ ಅಕ್ಷರವನ್ನು ಎಷ್ಟು ದೊಡ್ಡದು ಮಾಡಬಹುದು ಎಂಬುದೇ ಅಲ್ಲಿನ ಲೆಕ್ಕ.

ನಿಮ್ಮ ಲೇಬಲ್ಲಿನದೂ ಅದೇ ಲೆಕ್ಕ. 7 ಸೆಂ.ಮೀ.ಯಲ್ಲಿ ಎರಡೂ ಕಡೆ ಅರ್ಧರ್ಧ ಸೆಂ.ಮೀ. ಬಿಟ್ಟರೆ ಉಳಿಯುವುದು 6, ಎಂದರೆ 170 ಪಾಯಿಂಟ್ (ಇಂಚಿಗೆ 72 ಪಾಯಿಂಟ್). ಸಾಮಾನ್ಯ ಸೆರಿಫ್ ಫಾಂಟಿನ ಸಣ್ಣಕ್ಷರ (ಇಂಗ್ಲಿಷಿನ ಲೋವರ್‌ಕೇಸ್) ಸರಾಸರಿ ಅರ್ಧ ಎಮ್ ಅಗಲ ಇರುತ್ತದೆ ಎಂದುಕೊಳ್ಳಿ; ಎಮ್ ಎಂದರೆ ಫಾಂಟಿನ ಪಾಯಿಂಟ್ ಗಾತ್ರದಷ್ಟೇ ಅಗಲ. 16 ಅಕ್ಷರಕ್ಕೆ 8 ಎಮ್ ಆಯಿತು, ಹೆಸರು 21 ಪಾಯಿಂಟಿಗೆ ನಿಂತುಹೋಗುತ್ತದೆ. ಕಿರಿದಾದ ಫಾಂಟಿನಲ್ಲಿ ಸರಾಸರಿ 0.36 ಎಮ್ ಹಿಡಿದರೆ ಅದೇ ಹೆಸರು 29 ಪಾಯಿಂಟಿಗೆ ಏರುತ್ತದೆ. ಅಂಗಡಿಯ ಕಪಾಟಿನಲ್ಲಿ ಎರಡು ಮಾರು ದೂರದಿಂದ ನೋಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹಾಗಾದರೆ ಇರುವ ಫಾಂಟನ್ನೇ ಶೇ. 70ಕ್ಕೆ ಒತ್ತಿದರೆ ಏನಾಗುತ್ತದೆ? ನಿಂತ ಗೆರೆಯ ದಪ್ಪ 90 ಘಟಕ (ಫಾಂಟ್ ಬರೆಯುವಾಗಿನ ಅಳತೆ), ಅಡ್ಡಗೆರೆಯದು 40 ಘಟಕ ಇದ್ದದ್ದು ಒತ್ತಿದ ಮೇಲೆ 63 ಮತ್ತು 40 ಆಗುತ್ತದೆ. ನಿಂತ ಗೆರೆ ಸೊರಗಿತು, ಅಡ್ಡಗೆರೆ ಇದ್ದಷ್ಟೇ ಇದೆ. ದಪ್ಪ-ತೆಳುವಿನ ಆಟವೇ ಸೆರಿಫ್ ಅಕ್ಷರದ ಜೀವ, ಅದು ಹೋಯಿತು. ದುಂಡಗಿದ್ದ ಇಂಗ್ಲಿಷಿನ 'ಓ' ಕೋಳಿಮೊಟ್ಟೆಯಾಗುತ್ತದೆ. ನಿಜವಾಗಿ ಕಿರಿದಾಗಿ ಬರೆದ ಫಾಂಟಿನಲ್ಲಿ ಅದೇ 'ಓ'ದ ಎರಡು ಪಕ್ಕಗಳು ಹೆಚ್ಚುಕಡಿಮೆ ನೇರವಾಗಿ ಇಳಿದು, ಮೇಲೆ ಮತ್ತು ಕೆಳಗೆ ಮಾತ್ರ ತಿರುಗುತ್ತವೆ. ಎರಡನ್ನೂ 72 ಪಾಯಿಂಟಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ, ನನ್ನ ಮಾತು ಬೇಕಾಗುವುದಿಲ್ಲ.

ಇದಕ್ಕೆ ಆಪಲ್ ಕಂಪನಿಯದ್ದೇ ಒಂದು ಕಥೆಯಿದೆ. 1984ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರ್ ಬಂದ ಕಾಲಕ್ಕೆ ಅವರು ತಮ್ಮ ಜಾಹೀರಾತುಗಳಿಗೆ ಐಟಿಸಿ ಎಂಬ ಫಾಂಟ್ ಸಂಸ್ಥೆಯ ಐಟಿಸಿ ಗ್ಯಾರಮಂಡ್ ಫಾಂಟನ್ನು ಶೇ. 80ರ ಅಗಲಕ್ಕೆ ಇಳಿಸಿ ಬಳಸತೊಡಗಿದರು. ಒತ್ತಿದ ಅಕ್ಷರದ ಗೆರೆಗಳು ಏರುಪೇರಾದವು. ಕಡೆಗೆ ಬಿಟ್‌ಸ್ಟ್ರೀಮ್ ಸಂಸ್ಥೆ ಗೆರೆಗಳ ದಪ್ಪವನ್ನು ತಿದ್ದಿ ಬೇರೆಯದೇ ಫಾಂಟ್ ಮಾಡಿಕೊಡಬೇಕಾಯಿತು. ಅದೇ ಆಪಲ್ ಗ್ಯಾರಮಂಡ್. ಅಷ್ಟಾದರೂ ಅಕ್ಷರ ಬಲ್ಲವರಲ್ಲಿ ಅನೇಕರು ಅದನ್ನು ಇಂದಿಗೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

ಇನ್ನು ಯಾವ ಫಾಂಟ್? ಸ್ಕ್ರೀನ್‌ಮನೆಯವರು ಹೇಳಿದ ವಿಂಡ್ಸರ್ ಕೆಟ್ಟದ್ದೇನಲ್ಲ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿದ್ದ ಸ್ಟೀಫನ್ಸನ್ ಬ್ಲೇಕ್ ಎಂಬ ಎರಕದ ಮನೆ 1905ರಲ್ಲಿ ಹೊರತಂದದ್ದು, ಬರೆದವರು ಎಲೀಷಾ ಪೀಚಿ. ಅದರ ಸಣ್ಣಕ್ಷರ 'ಎನ್', 'ಎಮ್', 'ಎಚ್'ಗಳ ಬಲಗಾಲು ನೇರ ನಿಲ್ಲದೆ ಹೊರಕ್ಕೆ ಚಾಚಿಕೊಂಡಿದೆ, 'ಇ'ಯ ಅಡ್ಡಗೆರೆ ಓರೆಯಾಗಿದೆ, ದೊಡ್ಡಕ್ಷರ 'ಪಿ', 'ಆರ್'ಗಳಿಗೆ ಡೊಳ್ಳುಹೊಟ್ಟೆ. ಅದರ ತೆಳುವಾದ, ಕಿರಿದಾದ ರೂಪವನ್ನು ನ್ಯೂಯಾರ್ಕಿನ ಸಿನಿಮಾ ನಿರ್ದೇಶಕ ವುಡಿ ಆಲನ್ ತಮ್ಮ ಚಿತ್ರಗಳ ಶೀರ್ಷಿಕೆಗಳಿಗೆ ದಶಕಗಟ್ಟಲೆ ಬಳಸಿದ್ದಾರೆ. ಹಾಗಾಗಿ ಅದನ್ನು ಕಂಡವರಿಗೆ ನ್ಯೂಯಾರ್ಕ್ ನೆನಪಾಗುತ್ತದೆಯೇ ಹೊರತು ಮಲೆನಾಡಲ್ಲ. ತೊಂದರೆಯಿಲ್ಲ ಎನ್ನುವುದಾದರೆ ಹಾಕಿ.

1937ರಲ್ಲಿ ಅಮೆರಿಕದಲ್ಲಿ ಬಂದ ಓನಿಕ್ಸ್ ಇನ್ನೂ ಕಿರಿದು. ನಿಂತ ಗೆರೆ ಕಪ್ಪಗೆ ಕಂಬದಷ್ಟು, ಅಡ್ಡಗೆರೆ ಕೂದಲಿನಷ್ಟು. ನಿರ್ವಾಣ ಎಂಬ ಅಮೆರಿಕದ ರಾಕ್ ತಂಡದ ಹೆಸರು ಇರುವುದು ಇದರಲ್ಲೇ. ಕ್ರಾಫ್ಟ್ ಕಾಗದಕ್ಕೆ ಇದು ಬೇಡವೇ ಬೇಡ.

ಬಿಟ್ಟಿ ಬೇಕೆಂದರೆ ಇನ್‌ಸ್ಟ್ರುಮೆಂಟ್ ಸೆರಿಫ್ ಇದೆ, ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತದೆ, ಮುಕ್ತ ಪರವಾನಗಿಯದ್ದು, ಮಾರುವ ಸರಕಿನ ಮೇಲೂ ಬಳಸಬಹುದು. ಸಾದಾ ಮತ್ತು ಇಟಾಲಿಕ್ ಎರಡೇ ರೂಪ. ದಪ್ಪ ಬೇಕೆಂದು ಬೋಲ್ಡ್ ಗುಂಡಿ ಒತ್ತಬೇಡಿ, ಸಾಫ್ಟ್‌ವೇರ್ ಅಕ್ಷರದ ಸುತ್ತ ಮಸಿ ಬಳಿಯುತ್ತದೆ ಅಷ್ಟೆ. "ಬಿಟ್ಟಿ" ಎಂದು ಕಂಡಲ್ಲೆಲ್ಲ ಇಳಿಸಿಕೊಳ್ಳುವ ಫಾಂಟುಗಳ ಪರವಾನಗಿ ಓದಿ. ಬಹಳಷ್ಟು ಸ್ವಂತ ಬಳಕೆಗೆ ಮಾತ್ರ.

ಆದರೆ ಇದ್ಯಾವುದನ್ನೂ ಈಗಲೇ ಆರಿಸಬೇಡಿ. ಆ ಮನೆಯಲ್ಲಿ ಅಜ್ಜನ ಕಾಲದ ರಸೀದಿ, ಲೆಟರ್‌ಹೆಡ್, ಮೂಟೆಗೆ ಕಟ್ಟುತ್ತಿದ್ದ ಚೀಟಿ, ಏನಾದರೂ ಉಳಿದಿರುತ್ತದೆ. ತರಿಸಿ ನೋಡಿ.

ಓದುಗ ಉತ್ತರ:

ಅಚ್ಚುಮೊಳೆಯವರ ಲೆಕ್ಕಾಚಾರ ಎಲ್ಲ ಸರಿ. ಆದರೆ ಈ "ಹಳೆಯ ಕಾಲ"ದ ಗೀಳೇ ನನಗೆ ಹಿಡಿಸುವುದಿಲ್ಲ. ಬೆಂಗಳೂರಿನಲ್ಲಿ ಹೋದ ವರ್ಷ ತೆರೆದ ಕೆಫೆಯೂ, ಸೋಪು ಮಾರುವವರೂ, ಉಪ್ಪಿನಕಾಯಿಯವರೂ ಇದೇ ಎತ್ತರದ ಸೆರಿಫ್ ಹಾಕಿಕೊಂಡು ನೂರು ವರ್ಷ ಹಳಬರ ಹಾಗೆ ನಿಂತಿದ್ದಾರೆ. ಪುಡಿ ಚೆನ್ನಾಗಿದ್ದರೆ ಯಾವ ಅಕ್ಷರವಾದರೂ ನಡೆಯುತ್ತದೆ.

ಅಚ್ಚುಮೊಳೆ ಉತ್ತರ:

ಓದುಗರೇ, ಅರ್ಧ ಒಪ್ಪಿದೆ. ಇಲ್ಲದ ಇತಿಹಾಸವನ್ನು ಫಾಂಟಿನಿಂದ ಕೊಂಡುಕೊಳ್ಳುವುದು ನನಗೂ ಸೇರುವುದಿಲ್ಲ. ಇವರಿಗೆ ತೋಟವೂ ಇದೆ, ಅಜ್ಜನೂ ಇದ್ದರು. ಹಾಗಾಗಿಯೇ ರಸೀದಿ ಕೇಳಿದ್ದು. ಪುಡಿ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಪೊಟ್ಟಣ ಕೊಂಡ ಮೇಲೆ, ಕೊಳ್ಳುವವರೆಗೆ ಮಾತಾಡುವುದು ಲೇಬಲ್ಲೇ.

ಬಾಳೆಹೊನ್ನೂರು ಬರೆದದ್ದು:

ಅಚ್ಚುಮೊಳೆ ಸರ್, ನೀವು ಹೇಳಿದ ಹಾಗೆ ಕೇಳಿದೆ. ಅಟ್ಟದ ಪೆಟ್ಟಿಗೆಯಲ್ಲಿ ಅರವತ್ತರ ದಶಕದ ರಸೀದಿ ಪುಸ್ತಕ ಸಿಕ್ಕಿದೆ! ಮೇಲೆ ತೋಟದ ಹೆಸರು ಇಂಗ್ಲಿಷಿನಲ್ಲಿ, ದಪ್ಪಗೆ, ಕಿರಿದಾಗಿ ಅಚ್ಚಾಗಿದೆ. ಸ್ಕ್ಯಾನ್ ಮಾಡಿ ಹಾಕಿದ್ದೇನೆ. ದೊಡ್ಡಕ್ಷರ 'ಎ' ಒಂದು ಥರ ಇದೆ, ತುದಿಯಲ್ಲಿ ಒಂದು ಗೆರೆ ಎಡಕ್ಕೆ ಮುಂದೆ ಚಾಚಿದೆ. ಸಣ್ಣಕ್ಷರಗಳ ಹೊಟ್ಟೆ ಚಿಕ್ಕದು, 'ಎಲ್', 'ಡಿ', 'ಎಚ್'ಗಳ ಕತ್ತು ಮಾತ್ರ ತುಂಬಾ ಉದ್ದ. ಇದು ಯಾವುದು?

ಅಚ್ಚುಮೊಳೆ ಉತ್ತರ:

ಆ 'ಎ' ನೋಡಿದೊಡನೆ ಗೊತ್ತಾಯಿತು, ಇದು ಚೆಲ್ಟನಮ್ ಮನೆತನ. ಇಂಥ ರಸೀದಿ ಇಟ್ಟುಕೊಂಡು ವಿಂಡ್ಸರ್ ಹಾಕಿದ್ದರೆ ಅಜ್ಜನಿಗೇ ಅವಮಾನ ಆಗುತ್ತಿತ್ತು.

ಚೆಲ್ಟನಮ್ ಬರೆದವರು ಅಕ್ಷರದ ಕಸುಬಿನವರಲ್ಲ, ಬರ್ಟ್ರಮ್ ಗುಡ್‌ಹ್ಯೂ ಎಂಬ ಅಮೆರಿಕದ ವಾಸ್ತುಶಿಲ್ಪಿ. 1896ರಲ್ಲಿ ನ್ಯೂಯಾರ್ಕಿನ ಚೆಲ್ಟನಮ್ ಪ್ರೆಸ್‌ನ ಇಂಗಲ್ಸ್ ಕಿಂಬಲ್ ಜೊತೆ ಸೇರಿ ಮಾಡಿದ್ದು. ನಾವು ಓದುವಾಗ ಕಣ್ಣು ಹೆಚ್ಚು ನೆಚ್ಚುವುದು ಅಕ್ಷರದ ಮೇಲ್ಭಾಗವನ್ನು ಎಂಬ ನಂಬಿಕೆಯಿಂದ ಮೇಲಿನ ಕತ್ತನ್ನು ಉದ್ದ ಬೆಳೆಸಿ, ಕೆಳಗಿನ ಬಾಲವನ್ನು ಗಿಡ್ಡ ಮಾಡಿದರು. ಮುಂದೆ ಅಮೆರಿಕನ್ ಟೈಪ್ ಫೌಂಡರ್ಸ್‌ನ ಮಾರಿಸ್ ಫುಲ್ಲರ್ ಬೆಂಟನ್ ಇದಕ್ಕೆ ದಪ್ಪ, ಕಿರಿದು, ಅಗಲ ಎಂದು ದೊಡ್ಡ ಸಂಸಾರವನ್ನೇ ಕಟ್ಟಿದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2003ರಲ್ಲಿ ತನ್ನ ತಲೆಬರಹಗಳಲ್ಲಿದ್ದ ಹಲವು ಬಗೆಯ ಫಾಂಟುಗಳನ್ನು ಕೈಬಿಟ್ಟು ಚೆಲ್ಟನಮ್ ಒಂದಕ್ಕೇ ಬಂತು, ಅದನ್ನು ಹೊಸದಾಗಿ ಬರೆದುಕೊಟ್ಟವರು ಮ್ಯಾಥ್ಯೂ ಕಾರ್ಟರ್. ಮೊದಲ ಪುಟದ ಕಿರಿದಾದ ಅಂಕಣದಲ್ಲಿ ಉದ್ದ ತಲೆಬರಹ ಕೂರಬೇಕಾದರೆ ಇಂಥ ಮೈಕಟ್ಟೇ ಬೇಕು.

ಕೊಳ್ಳುವಾಗ ಒಂದು ಎಚ್ಚರ. ಐಟಿಸಿ ಚೆಲ್ಟನಮ್ ಎಂದು ಸಿಗುವುದು ಎಪ್ಪತ್ತರ ದಶಕದಲ್ಲಿ ಟೋನಿ ಸ್ಟ್ಯಾನ್ ತಿರುಗಿ ಬರೆದದ್ದು. ಆಗಲೇ ಹೇಳಿದ ಐಟಿಸಿ ಗ್ಯಾರಮಂಡ್ ಕೂಡ ಅವರದ್ದೇ. ಇದರಲ್ಲಿ ಸಣ್ಣಕ್ಷರಗಳ ಹೊಟ್ಟೆಯನ್ನು ಬೆಳೆಸಿದ್ದಾರೆ, ನಿಮ್ಮ ರಸೀದಿಯ ಉದ್ದ ಕತ್ತು, ಚಿಕ್ಕ ಹೊಟ್ಟೆ ಅದರಲ್ಲಿ ಸಿಗುವುದಿಲ್ಲ. ಹಳೆಯ ಬೆಂಟನ್ ರೂಪವನ್ನು ಅನುಸರಿಸಿದ ಚೆಲ್ಟನಮ್ ಬೋಲ್ಡ್ ಕಂಡೆನ್ಸ್ಡ್ (ದಪ್ಪ, ಕಿರಿದು ರೂಪ) ಹುಡುಕಿ. ಇನ್ನೊಂದು ದಾರಿ: ಇಂಗ್ಲೆಂಡಿನ ಮಾನೋಟೈಪ್ ಕಂಪನಿ ಇದೇ ಅಕ್ಷರವನ್ನು ಗ್ಲಾಸ್ಟರ್ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಮೈಕ್ರೋಸಾಫ್ಟ್ ಆಫೀಸ್ ಜೊತೆ ಬರುವ ಗ್ಲಾಸ್ಟರ್ ಎಂಟಿ ಎಕ್ಸ್‌ಟ್ರಾ ಕಂಡೆನ್ಸ್ಡ್ ಅದೇ ಬಳಗದ್ದು. ನಿಮ್ಮ ಕಂಪ್ಯೂಟರಿನಲ್ಲಿ ಈಗಲೇ ಇರಬಹುದು, ಮೊದಲು ಅದರಲ್ಲಿ ಒಂದು ಮಾದರಿ ತೆಗೆಯಿರಿ. ಆಫೀಸ್ ಮನೆ-ವಿದ್ಯಾರ್ಥಿ ಬಳಕೆಯ ಆವೃತ್ತಿಯಾಗಿದ್ದರೆ ಮಾತ್ರ ವ್ಯಾಪಾರದ ಕೆಲಸಕ್ಕೆ ಬಳಸುವಂತಿಲ್ಲ.

ಅಕ್ಷರಗಳ ನಡುವಿನ ಜಾಗದ ಬಗ್ಗೆಯೂ ಹೇಳಿಬಿಡುತ್ತೇನೆ. ಕಿರಿದಾದ ಅಕ್ಷರದ ಒಳಗೆ ಬಿಳಿ ಕಡಿಮೆ, ಆದ್ದರಿಂದ ಅಕ್ಷರಗಳ ನಡುವೆಯೂ ಕಡಿಮೆಯೇ ಇರಬೇಕು. ಸಣ್ಣಕ್ಷರದಲ್ಲಿ ಬರೆದ ಹೆಸರನ್ನು ಚಂದ ಕಾಣಲಿ ಎಂದು ಎಳೆದು ಬಿಡಿಸಿದರೆ ಪದ ಚೂರುಚೂರಾಗುತ್ತದೆ. ಬರೀ ದೊಡ್ಡಕ್ಷರದಲ್ಲಿ ಹಾಕುವುದಾದರೆ ಕೂದಲೆಳೆಯಷ್ಟು ಬಿಡಿಸಬಹುದು.

ಇನ್ನು ಹಿಂಬದಿಯ ಸಣ್ಣ ಗಾತ್ರದ ಅಕ್ಷರಗಳ ಪ್ರಶ್ನೆ. ಫಾಂಟನ್ನು ಬರೆಯುವುದು ಸಾಮಾನ್ಯವಾಗಿ 1000 ಘಟಕಗಳ ಚೌಕದಲ್ಲಿ. ಶೀರ್ಷಿಕೆಗೆಂದೇ ಮಾಡಿದ ಸೆರಿಫ್‌ನಲ್ಲಿ ತೆಳುಗೆರೆ 20 ಘಟಕ ಇದ್ದರೆ 36 ಪಾಯಿಂಟಿನಲ್ಲಿ ಅದು 0.72 ಪಾಯಿಂಟ್, ಒಳ್ಳೆಯದು. ಅದೇ ಫಾಂಟನ್ನು 9 ಪಾಯಿಂಟಿಗೆ ಇಳಿಸಿದರೆ 0.18. ಕ್ರಾಫ್ಟ್ ಕಾಗದದ ಮೇಲೆ ಆ ಗೆರೆ ಇದ್ದೂ ಇಲ್ಲದ ಹಾಗೆ. ಕಪ್ಪು ಪಟ್ಟಿಯೊಳಗೆ ಬಿಳಿ ಅಕ್ಷರ ಬಿಟ್ಟಿದ್ದರೆ ಮಸಿ ಹರಡಿ ಪೂರ್ತಿ ಮುಚ್ಚಿಹೋಗುತ್ತದೆ. ಹಿಂಬದಿಗೆ ಓದಲೆಂದೇ ಮಾಡಿದ ಸಾಧಾರಣ ಅಗಲದ ಫಾಂಟ್ ಬಳಸಿ.

ತೂಕದಳತೆ ಉತ್ತರ:

ಹಿಂಬದಿಯ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ವಿನ್ಯಾಸಕನಲ್ಲ, ಪ್ಯಾಕಿಂಗ್ ಘಟಕವೊಂದರಲ್ಲಿ ಲೇಬಲ್ ತಪಾಸಣೆ ಮಾಡುವವನು. ಕಿರಿದಾದ ಅಕ್ಷರ ನಮ್ಮಲ್ಲಿ ಅಂದಚಂದದ ವಿಷಯ ಮಾತ್ರ ಅಲ್ಲ, ಕಾನೂನಿನ ವಿಷಯವೂ ಹೌದು. 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸರಕು ನಿಯಮಗಳ ಪ್ರಕಾರ ಕಡ್ಡಾಯ ಘೋಷಣೆಗಳಲ್ಲಿ ಅಕ್ಷರ ಅಥವಾ ಅಂಕಿಯ ಅಗಲ ಅದರ ಎತ್ತರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರುವಂತಿಲ್ಲ. ವಿನಾಯಿತಿ ಇರುವುದು '1' ಎಂಬ ಅಂಕಿಗೆ, 'ಐ'ಯ ದೊಡ್ಡ ಮತ್ತು ಸಣ್ಣ ರೂಪಗಳಿಗೆ, ಸಣ್ಣಕ್ಷರ 'ಎಲ್'ಗೆ ಮಾತ್ರ. ತೀರಾ ಕಿರಿದಾದ ಫಾಂಟಿನಲ್ಲಿ ಸಣ್ಣಕ್ಷರ 'ಟಿ', 'ಎಫ್'ಗಳು ಈ ಅಳತೆಗೆ ಸಿಕ್ಕಿಬೀಳುತ್ತವೆ, ಅಳೆದು ನೋಡಿ. ಅಕ್ಷರದ ಎತ್ತರ 1 ಮಿ.ಮೀ.ಗಿಂತ ಕಡಿಮೆ ಆಗಬಾರದು. ನಿವ್ವಳ ತೂಕದ ಅಂಕಿಗೆ ಇದಕ್ಕಿಂತ ದೊಡ್ಡ ಅಳತೆಗಳಿವೆ, ಅವನ್ನು ನಿಯಮದ ಕೋಷ್ಟಕದಲ್ಲಿ ನೋಡಿಕೊಳ್ಳಿ.

ಈ ಘೋಷಣೆಗಳು ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇರಬೇಕು, ಜೊತೆಗೆ ಕನ್ನಡ ಹಾಕಲು ಅಡ್ಡಿಯಿಲ್ಲ. ಚಿಕೋರಿ ಬೆರೆಸಿದ್ದರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಎಷ್ಟು ಎಂದು ಬರೆಯಲೇಬೇಕು. ಜಾಗ ಸಾಲದೆಂದು ಜನ ಫಾಂಟನ್ನು ಹಿಂಡುವುದು ಸರಿಯಾಗಿ ಈ ಸಾಲಿನಲ್ಲೇ.

ಬಾಳೆಹೊನ್ನೂರು ಬರೆದದ್ದು:

ತೂಕದಳತೆ ಸರ್, ಈ ಮೂರನೇ ಒಂದರ ನಿಯಮ ನನಗೆ ಗೊತ್ತೇ ಇರಲಿಲ್ಲ, ದೊಡ್ಡ ಉಪಕಾರವಾಯಿತು. ಇವರದ್ದು ಚಿಕೋರಿ ಇಲ್ಲದ ಪುಡಿ, ಒಂದು ಸಾಲು ಉಳಿಯಿತು. ಗ್ಲಾಸ್ಟರ್ ನನ್ನ ಕಂಪ್ಯೂಟರಿನಲ್ಲೇ ಇದೆ. ಹೆಸರು 31 ಪಾಯಿಂಟಿನಲ್ಲಿ ಚೆನ್ನಾಗಿ ಕೂತಿದೆ. ಬೆಲೆಯ ಹತ್ತಿರ ಮಾತ್ರ ರೂಪಾಯಿ ಚಿಹ್ನೆ ಬೇರೆ ಯಾವುದೋ ಫಾಂಟಿನದ್ದು ಬರುತ್ತಿದೆ. ಮತ್ತೆ ಕನ್ನಡದ ವಿಷಯ ಯಾರೂ ಹೇಳಲಿಲ್ಲ.

ಅಚ್ಚುಮೊಳೆ ಉತ್ತರ:

ರೂಪಾಯಿ ಚಿಹ್ನೆ ಜಾರಿಗೆ ಬಂದದ್ದೇ 2010ರಲ್ಲಿ. ಅದಕ್ಕೂ ಮೊದಲು ಮಾಡಿದ ಫಾಂಟುಗಳಲ್ಲಿ ಅದು ಇರುವುದಿಲ್ಲ, ಸಾಫ್ಟ್‌ವೇರ್ ಬೇರೆ ಕಡೆಯಿಂದ ಎರವಲು ತಂದು ಹಾಕುತ್ತದೆ. ಚಿಹ್ನೆ ಒಂದನ್ನೇ ಸರಿಪಡಿಸಲು ಹೋಗಬೇಡಿ. ಬೆಲೆ, ತೂಕ, ತಾರೀಖು ಎಲ್ಲವನ್ನೂ ಹಿಂಬದಿಗೆ ಆರಿಸಿದ ಫಾಂಟಿನಲ್ಲೇ ಹಾಕಿ, ಗ್ಲಾಸ್ಟರ್ ತೋಟದ ಹೆಸರಿಗೆ ಮಾತ್ರ ಮೀಸಲಿರಲಿ.

ಕನ್ನಡಕ್ಕೆ ಬರುತ್ತೇನೆ, ಇದು ನನ್ನ ಹೊಟ್ಟೆಯುರಿಯ ವಿಷಯ. ಇಂಗ್ಲಿಷಿಗೆ ಇಷ್ಟೆಲ್ಲ ಹುಡುಕಾಡಿ, ಕನ್ನಡವನ್ನು ಸಿಕ್ಕ ಫಾಂಟಿನಲ್ಲಿ ಹೊಡೆದು, ಇಂಗ್ಲಿಷಿನ ಅಗಲಕ್ಕೆ ಸರಿಹೋಗಲೆಂದು ಹಿಂಡಿಬಿಡುತ್ತಾರೆ. ರೋಮನ್ ಅಕ್ಷರಗಳಲ್ಲಿ ನೇರ ಗೆರೆಗಳು ಹೆಚ್ಚು, ಕಿರಿದು ಮಾಡಿದರೂ ತಡೆದುಕೊಳ್ಳುತ್ತವೆ. ನಮ್ಮದು ದುಂಡು. ನಿಮ್ಮ ಲೇಬಲ್ಲಿನಲ್ಲಿ ಬಂದೇ ಬರುವ 'ಕಾಫಿ'ಯನ್ನೇ ತೆಗೆದುಕೊಳ್ಳಿ. 'ಪಿ'ಯನ್ನು 'ಫಿ' ಮಾಡುವುದು ಕೆಳಗಿನ ಆ ಚಿಕ್ಕ ಸೀಳು. ಅಕ್ಷರವನ್ನು ಅಗಲದಲ್ಲಿ ಹಿಂಡಿದಾಗ ಸೀಳಿನ ಸುತ್ತಲಿನ ಬಿಳಿ ಮೊದಲು ಹೋಗುತ್ತದೆ, ಅದರ ಮೇಲೆ ಕ್ರಾಫ್ಟ್ ಕಾಗದ ಮಸಿ ಹೀರುತ್ತದೆ. ಆಮೇಲೆ ಓದುವುದು 'ಕಾಪಿ' ಎಂದೇ. ದ-ಧ, ಬ-ಭಗಳ ಪಾಡೂ ಇದೇ.

ಕಿರಿದಾಗಿಯೇ ಬೇಕೆಂದರೆ ಏಕ್ ಟೈಪ್‌ನವರ ಅನೇಕ್ ಕನ್ನಡ ಇದೆ. ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದು, ಅದರ ಕಿರಿದು ರೂಪ ಹಿಂಡಿದ್ದಲ್ಲ, ಬರೆದದ್ದು. ಆದರೆ ಅದರ ಗೆರೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪ, ಚೆಲ್ಟನಮ್ ಪಕ್ಕದಲ್ಲಿ ತೀರಾ ಹೊಸದಾಗಿ ಕಾಣುತ್ತದೆ. ಇಲ್ಲಿ ನನ್ನ ಓಟು ಟೀರೋ ಕನ್ನಡಕ್ಕೆ. ಪುಸ್ತಕದ ಅಚ್ಚಿನ ಗುಣ ಇದೆ, ದಪ್ಪ-ತೆಳು ಇದೆ, ಬಿಟ್ಟಿಯೂ ಹೌದು. ಅಗಲ ಜಾಸ್ತಿ ಎನ್ನುತ್ತೀರಾದರೆ ಹೆಸರನ್ನು ಎರಡು ಸಾಲು ಮಾಡಿ. ಒಂದೇ ಸಾಲು ಎಂಬ ಹಟ ಅವರು ಹಿಡಿದಿರುವುದು ಇಂಗ್ಲಿಷಿಗಲ್ಲವೇ? ಎರಡು ಸಾಲಿನ ನಡುವೆ ಒತ್ತಕ್ಷರಗಳಿಗೆ ಧಾರಾಳ ಜಾಗ ಬಿಡಿ.

ಗಾತ್ರ ಹೊಂದಿಸುವಾಗ ಕನ್ನಡದ ಎತ್ತರವನ್ನು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಸಮ ಮಾಡಬೇಡಿ, ಕನ್ನಡ ಧಡೂತಿಯಾಗಿ ಕಾಣುತ್ತದೆ. ಸಣ್ಣಕ್ಷರದ ಹೊಟ್ಟೆಗಿಂತ ಒಂದಿಷ್ಟು ಮೇಲಿರಲಿ. ಮತ್ತೆ, ಕೇಳದೆ ಹೇಳುತ್ತಿದ್ದೇನೆ, ಕನ್ನಡವನ್ನು ಮೇಲಿಡಿ. ಎರಡು ಸಾಲಿನ ದುಂಡು ಅಕ್ಷರದ ಕೆಳಗೆ ಆ ಎತ್ತರದ ಇಂಗ್ಲಿಷ್ ಸಾಲು ಗಟ್ಟಿಯಾಗಿ ಕೂರುತ್ತದೆ.

ಬಾಳೆಹೊನ್ನೂರು ಬರೆದದ್ದು:

ಕನ್ನಡ ಮೇಲಿಟ್ಟು ಮಾಡಿದ ಮಾದರಿಯನ್ನು ಅಚ್ಚು ಹಾಕಿಸಿ ಬೆಳೆಗಾರರಿಗೆ ತೋರಿಸಿದೆ. ಒಪ್ಪಿದರು. ಈಗ ಹೆಸರಿಗೆ ಚಿನ್ನದ ಫಾಯಿಲ್ ಹಾಕಿಸೋಣ ಎನ್ನುತ್ತಿದ್ದಾರೆ, ಅದು ಈ ಅಕ್ಷರಕ್ಕೆ ಆಗುತ್ತದೆಯೇ?

ಸ್ಕ್ರೀನ್‌ಮನೆ ಉತ್ತರ:

ಗ್ಲಾಸ್ಟರ್ ಸಾಲಿಗೆ ಆಗಬಹುದು, ಆದರೆ ಸಣ್ಣಕ್ಷರ 'ಎ', 'ಇ'ಗಳ ಒಳಗಿನ ಕಿಂಡಿ ಮುಚ್ಚದಂತೆ ಬ್ಲಾಕ್ (ಫಾಯಿಲ್ ಒತ್ತುವ ಅಚ್ಚು) ಮಾಡುವವರಿಗೆ ಮೊದಲೇ ಹೇಳಿ. ಟೀರೋ ಕನ್ನಡದ ತೆಳುಗೆರೆಗೆ ಕ್ರಾಫ್ಟ್ ಕಾಗದದ ಮೇಲೆ ಫಾಯಿಲ್ ಸರಿಯಾಗಿ ಹಿಡಿಯುವುದಿಲ್ಲ, ಅಲ್ಲಲ್ಲಿ ಬಿಟ್ಟುಬಿಡುತ್ತದೆ. ಕನ್ನಡ ಕಪ್ಪು, ಇಂಗ್ಲಿಷ್ ಚಿನ್ನ ಆದರೆ ಮೇಲಿಟ್ಟದ್ದು ವ್ಯರ್ಥ. ಎರಡೂ ಕಪ್ಪಿನಲ್ಲೇ ಇರಲಿ, ಆ ದುಡ್ಡಿನಲ್ಲಿ ಒಳ್ಳೆಯ ಅಂಟಿರುವ ಲೇಬಲ್ ಕಾಗದ ಕೊಡಿಸಿ. ಕಾಫಿಪುಡಿಯ ಎಣ್ಣೆಗೆ ಅಗ್ಗದ ಅಂಟು ಮಳೆಗಾಲದಲ್ಲಿ ಬಿಟ್ಟುಕೊಳ್ಳುತ್ತದೆ.